ಕಿವಿಗೆ ಯಂತ್ರ ಬಂದರೂ ಮಾತು ತಿಳಿಯುತ್ತಿಲ್ಲವೇ? ಓದುಗರ ಪ್ರಶ್ನೆ, ಶ್ರವಣ ತಜ್ಞರ ಉತ್ತರ

ಪ್ರಶ್ನೆ: ಮಾನ್ಯರೇ, ನನಗೆ 66 ವರ್ಷ. ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿಯಾಗಿದ್ದು ನಿವೃತ್ತಳಾಗಿದ್ದೇನೆ. ಹಲವು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದು, ಈಗ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷವಿದೆಯೆಂದು ವರದಿ ಬಂದಿದೆ. ಬಲಗಿವಿಯಲ್ಲಿ 76, ಎಡಗಿವಿಯಲ್ಲಿ 80 ಡೆಸಿಬೆಲ್ ಎಂದು ಬರೆದಿದ್ದಾರೆ. ಎರಡು ತಿಂಗಳ ಹಿಂದೆ ಅಂಗಡಿಯೊಂದರಲ್ಲಿ ಬಲಗಿವಿಗೆ ಮಾತ್ರ ಶ್ರವಣಯಂತ್ರ ಹಾಕಿಸಿಕೊಂಡೆ. ಅಡುಗೆಮನೆಯಲ್ಲಿ ಒಂದು ಸ್ಟೀಲ್ ತಟ್ಟೆ ಬಿದ್ದರೂ ಬೆಚ್ಚಿಬೀಳುತ್ತೇನೆ, ಫ್ಯಾನಿನ ಸದ್ದು ಮಾತನ್ನೇ ಮುಚ್ಚಿಹಾಕುತ್ತದೆ, ನನ್ನ ದನಿ ನನಗೇ ಕೊಡದೊಳಗಿಂದ ಬಂದಂತೆ ಕೇಳಿಸುತ್ತದೆ. ಮೊಮ್ಮಗಳು ಪಕ್ಕದಲ್ಲಿ ಕುಳಿತು ಮಾತಾಡಿದರೆ ಸದ್ದು ಕೇಳುತ್ತದೆಯೇ ಹೊರತು ಏನೆಂದಳೆಂಬುದು ತಿಳಿಯುವುದಿಲ್ಲ. ಊಟ ಮಾಡುವಾಗ ಯಂತ್ರ ಕುಯ್ಯೆಂದು ಸಿಳ್ಳೆ ಹಾಕುತ್ತದೆ. ‘ಮಿಷನ್ ಹಾಕಿಕೊಂಡ ಮೇಲೂ ಕೇಳಿಸುವುದಿಲ್ಲವೇ’ ಎಂದು ಮನೆಯವರು ಕೇಳುವುದನ್ನು ತಾಳಲಾರದೆ ಅದನ್ನು ಬೀರುವಿನಲ್ಲಿಟ್ಟಿದ್ದೇನೆ. ಇನ್ನೂ ದುಬಾರಿಯದನ್ನು ಕೊಂಡರೆ ಸರಿಹೋಗುತ್ತದೆಂದು ಅಂಗಡಿಯವರು ಹೇಳುತ್ತಾರೆ. ಕೊಳ್ಳಬೇಕೆ?

— ಹೆಸರು ಬೇಡ, ಮಂಡ್ಯ

ಉತ್ತರ: ಈಗಲೇ ಕೊಳ್ಳಬೇಡಿ, ಅಮ್ಮ. ಇರುವ ಯಂತ್ರವನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ನೀವು ಹೇಳಿರುವ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರದ ದೋಷಗಳಲ್ಲ. ಅದನ್ನು ನಿಮ್ಮ ಕಿವಿಗೆ ಹೊಂದಿಸುವ ಕೆಲಸ ಅರ್ಧಕ್ಕೆ ನಿಂತಿರುವುದರ ಲಕ್ಷಣಗಳು.

ಸದ್ದು ಕೇಳಿಸಿದರೂ ಮಾತು ಏಕೆ ತಿಳಿಯುವುದಿಲ್ಲವೆಂಬುದನ್ನು ನೀವು ಬೇರೆಯವರಿಗಿಂತ ಬೇಗ ಗ್ರಹಿಸಬಲ್ಲಿರಿ, ಏಕೆಂದರೆ ಸ್ವರ ವ್ಯಂಜನಗಳನ್ನು ಮಕ್ಕಳಿಗೆ ಕಲಿಸಿದವರು ನೀವು. ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು, ಅವುಗಳ ಶಕ್ತಿಯ ಬಹುಪಾಲು ತಗ್ಗಿನ ಕಂಪನಾಂಕಗಳಲ್ಲಿ, ಅಂದರೆ ದಪ್ಪ ದನಿಯ ಭಾಗದಲ್ಲಿರುತ್ತದೆ. ಸ, ಶ, ಚ, ತ, ಕ, ಪ ಮುಂತಾದ ವ್ಯಂಜನಗಳು ತೀರ ಕ್ಷೀಣವಾದವು, ಅವು ಹೆಚ್ಚಾಗಿ ಎತ್ತರದ ಕಂಪನಾಂಕಗಳಲ್ಲಿ, ಅಂದರೆ ಕೀರಲು ದನಿಯ ಭಾಗದಲ್ಲಿರುತ್ತವೆ. ವಯಸ್ಸಿನೊಡನೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಎತ್ತರದ ಭಾಗವನ್ನೇ. ಹೀಗಾಗಿ ಕಾಲು, ಸಾಲು, ಪಾಲು, ಹಾಲು ಎಲ್ಲವೂ ನಿಮಗೆ ಬರಿಯ ‘ಆಲು’ ಆಗಿ ತಲುಪುತ್ತವೆ. ಮೊದಲ ಅಕ್ಷರವನ್ನು ಸಂದರ್ಭದಿಂದ ಊಹಿಸಿಕೊಳ್ಳಬೇಕಾಗುತ್ತದೆ. ಊಹೆ ಸರಿಹೋದಾಗ ಮಾತು ತಿಳಿಯಿತೆನಿಸುತ್ತದೆ, ತಪ್ಪಿದಾಗ ಮನೆಯವರು ನಗುತ್ತಾರೆ. ದಿನವಿಡೀ ಹೀಗೆ ಊಹಿಸುವುದು ಎಷ್ಟು ದಣಿಸುವ ಕೆಲಸವೆಂಬುದು ಕಿವಿ ಚೆನ್ನಾಗಿರುವವರಿಗೆ ಹೊಳೆಯುವುದೇ ಇಲ್ಲ.

ತಟ್ಟೆಯ ಸದ್ದಿಗೆ ಬೆಚ್ಚುವುದಕ್ಕೂ ಕಾರಣವಿದೆ. ಸಹಜ ಕಿವಿಗೆ ಕೇಳಿಸುವ ಅತಿ ಮೆಲ್ಲನೆಯ ಸದ್ದಿಗೂ ಸಹಿಸಲಾಗದ ಸದ್ದಿಗೂ ನಡುವೆ ಸುಮಾರು 100 ಡೆಸಿಬೆಲ್‌ಗಳಷ್ಟು ಅಂತರವಿರುತ್ತದೆ. ನಿಮಗೆ 76ರವರೆಗೆ ಏನೂ ಕೇಳಿಸುವುದಿಲ್ಲ, ಆದರೆ ಸಹನೆಯ ಮೇಲಿನ ಎಲ್ಲೆ ಅದರಷ್ಟು ಮೇಲೇರಿರುವುದಿಲ್ಲ. ಲೋಕದ ಎಲ್ಲ ಸದ್ದುಗಳೂ ಉಳಿದ 25-30 ಡೆಸಿಬೆಲ್‌ಗಳ ಕಿರಿದಾದ ಜಾಗದೊಳಗೆ ಹಿಡಿಸಬೇಕು. ಒಂದು ಮೀಟರ್ ದೂರದಿಂದ ಆಡುವ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್‌ನಷ್ಟಿರುತ್ತದೆ. ಅದನ್ನು ಸಾಕಷ್ಟು ಎತ್ತಿ, ತಟ್ಟೆಯ ಸದ್ದನ್ನು ಅಷ್ಟಾಗಿ ಎತ್ತದೆ ಬಿಡುವ ಲೆಕ್ಕಾಚಾರವನ್ನು ಇಂದಿನ ಡಿಜಿಟಲ್ ಯಂತ್ರಗಳು ಮಾಡುತ್ತವೆ. ಆದರೆ ಆ ಲೆಕ್ಕವನ್ನು ನಿಮ್ಮ ಆಡಿಯೋಗ್ರಾಮ್ (ಶ್ರವಣ ಪರೀಕ್ಷೆಯ ನಕ್ಷೆ) ನೋಡಿ ಕಂಪ್ಯೂಟರಿನಲ್ಲಿ ಬರೆದು ಕೊಡಬೇಕಾದವರು ಮನುಷ್ಯರೇ, ಮತ್ತು ಅದು ಮೊದಲ ದಿನವೇ ಮುಗಿಯುವುದು ಅಪರೂಪ. ಹೊಸಬರಿಗೆ ಗಾಬರಿಯಾಗದಿರಲೆಂದು ಆರಂಭದಲ್ಲಿ ವರ್ಧನೆಯನ್ನು ಬೇಕಾದುದಕ್ಕಿಂತ ತುಸು ಕಡಿಮೆಯಿಟ್ಟು, ಆಮೇಲೆ ಹಂತಹಂತವಾಗಿ ಏರಿಸುವುದು ವಾಡಿಕೆ. ನೀವು ಮತ್ತೆ ಹೋಗದಿದ್ದರೆ ಅದು ಆ ಕಡಿಮೆ ಮಟ್ಟದಲ್ಲೇ ಉಳಿದುಬಿಡುತ್ತದೆ.

ಸಿಳ್ಳೆಗೆ ಕಾರಣ ಬಹುಮಟ್ಟಿಗೆ ಕಿವಿಯ ಅಚ್ಚು, ಅಂದರೆ ಯಂತ್ರದ ಸದ್ದನ್ನು ಕಿವಿಯೊಳಗೆ ಬಿಡುವ ಬಿರಡೆ. ವರ್ಧಿಸಿದ ಸದ್ದು ಅಚ್ಚಿನ ಅಂಚಿನಿಂದ ಸೋರಿ ಮೈಕಿಗೆ ಹಿಂದಿರುಗಿದಾಗ ಯಂತ್ರ ಕೂಗುತ್ತದೆ. ಅಗಿಯುವಾಗ ದವಡೆಯ ಚಲನೆಯಿಂದ ಕಿವಿಯ ನಾಳದ ಆಕಾರ ಬದಲಾಗುವುದರಿಂದ ನಿಮಗೆ ಊಟದ ಹೊತ್ತಿನಲ್ಲೇ ಆ ಕಾಟ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೂ ಹೀಗಾಗಬಹುದು, ಆದ್ದರಿಂದ ಮೊದಲು ಅದನ್ನು ನೋಡಿಸಿ. ಕಡ್ಡಿ, ಪಿನ್ನು ಹಾಕಿ ನೀವೇ ತೆಗೆಯಲು ಹೋಗಬೇಡಿ. ತೀವ್ರ ದೋಷಕ್ಕೆ ಅಳತೆ ತೆಗೆದು ಮಾಡಿಸಿದ ಅಚ್ಚೇ ಬೇಕು, ಸಿದ್ಧ ರಬ್ಬರ್ ಬಿರಡೆ ಸಾಲದು. ಅಚ್ಚು ಬಿಗಿಯಾಗಿದ್ದಷ್ಟೂ ಸ್ವಂತ ದನಿ ಗುಂಯ್‌ಗುಡುವುದು ಹೆಚ್ಚೆಂಬುದು ನಿಜ. ಅಚ್ಚನ್ನು ತುಸು ಆಳಕ್ಕೆ ಇಳಿಸುವುದರಿಂದ, ತಗ್ಗಿನ ಕಂಪನಾಂಕಗಳ ವರ್ಧನೆಯನ್ನು ಸ್ವಲ್ಪ ಇಳಿಸುವುದರಿಂದ ಅದು ಕಡಿಮೆಯಾಗುತ್ತದೆ. ಉಳಿದದ್ದು ದಿನಾ ಧರಿಸುತ್ತ ಬಂದರೆ ಗಮನಕ್ಕೆ ಬಾರದಂತಾಗುತ್ತದೆ.

ಈಗ ನೀವು ಮಾಡಬೇಕಾದುದು ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು. ‘ಚೆನ್ನಾಗಿಲ್ಲ’ ಎಂದರೆ ಯಾವ ತಜ್ಞರೂ ಏನನ್ನೂ ತಿದ್ದಲಾರರು. ‘ಕುಕ್ಕರ್ ಕೂಗಿದಾಗ ಕಿವಿ ನೋಯುತ್ತದೆ’, ‘ಮಗನ ಮಾತು ತಿಳಿಯುತ್ತದೆ, ಮೊಮ್ಮಗಳದು ತಿಳಿಯುವುದಿಲ್ಲ’, ‘ಕಾಲಿಂಗ್ ಬೆಲ್ ಕೇಳುವುದಿಲ್ಲ’ ಎಂದು ಸಂದರ್ಭ ಸಹಿತ ಬರೆದು ಒಯ್ದರೆ ಪ್ರತಿಯೊಂದಕ್ಕೂ ತಿದ್ದುಪಡಿ ಇದೆ. ಕೊಂಡಲ್ಲಿಗೇ ಹೋಗಿ ಕೇಳಿ. ಮತ್ತೆ ಹೊಂದಿಸಿಕೊಡುವುದು ಅವರ ಕೆಲಸದ ಭಾಗವೇ. ಅಲ್ಲಿ ಮತ್ತೆ ಬೆಲೆಪಟ್ಟಿಯನ್ನೇ ಮುಂದಿಟ್ಟರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಆಡಿಯೋಗ್ರಾಮ್ ಸಮೇತ ಹೋಗಿ ತೋರಿಸಿ. ಮಂಡ್ಯದವರಿಗೆ ಅದು ದೂರವೇನಲ್ಲ. ತೆಳುವಾದ ಮೆತ್ತನೆಯ ನಳಿಕೆಯನ್ನು ಕಿವಿಯೊಳಗೆ ಇಳಿಸಿ, ಯಂತ್ರದ ಸದ್ದು ನಿಮ್ಮ ಕಿವಿತಮಟೆಯ ಬಳಿ ನಿಜಕ್ಕೂ ಎಷ್ಟಿದೆಯೆಂದು ಅಳೆಯುವ ಪರೀಕ್ಷೆಯೊಂದಿದೆ. ಎಲ್ಲಿಗೆ ಹೋದರೂ ಅದನ್ನು ಮಾಡುವಿರಾ ಎಂದು ಕೇಳಿ.

ಇದರ ಜೊತೆಗೆ ಅಭ್ಯಾಸ. ವರ್ಷಗಟ್ಟಲೆ ಈ ಸದ್ದುಗಳಿಲ್ಲದೆ ಇದ್ದ ಮೆದುಳು ಯಾವುದನ್ನು ಕೇಳಬೇಕು, ಯಾವುದನ್ನು ಬದಿಗೊತ್ತಬೇಕು ಎಂಬ ವಿಂಗಡಣೆಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಇದಕ್ಕೆ ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ. ಮೊದಲು ಸದ್ದಿಲ್ಲದ ಕೋಣೆಯಲ್ಲಿ ಒಬ್ಬರೊಡನೆ, ಆಮೇಲೆ ಇಬ್ಬರೊಡನೆ, ಆಮೇಲೆ ಅಡುಗೆಮನೆಗೆ ಎಂಬ ಕ್ರಮದಲ್ಲಿ ಹೊತ್ತನ್ನು ಹೆಚ್ಚಿಸುತ್ತ, ಸ್ನಾನ ನಿದ್ದೆ ಬಿಟ್ಟು ಉಳಿದ ಹೊತ್ತೆಲ್ಲ ಧರಿಸುವಲ್ಲಿಗೆ ತಲುಪಬೇಕು. ದಿನಕ್ಕೊಂದು ಗಂಟೆ ಹಾಕಿ ತೆಗೆದಿಡುವವರು ಎಂದಿಗೂ ಹೊಸಬರಾಗಿಯೇ ಉಳಿಯುತ್ತಾರೆ. ಮೊಮ್ಮಗಳ ಕೈಯಲ್ಲಿ ನಿಮಗೇ ಉಕ್ತಲೇಖನ ಕೊಡಿಸಿಕೊಳ್ಳಿ. ಮೊದಮೊದಲು ಅವಳು ದಿನಪತ್ರಿಕೆ ಓದುವಾಗ ನೀವು ಅದೇ ಸಾಲುಗಳ ಮೇಲೆ ಕಣ್ಣಾಡಿಸಿ, ಕೆಲವು ದಿನಗಳ ಮೇಲೆ ಪತ್ರಿಕೆ ನೋಡದೆ ಕೇಳಿ ಬರೆಯಿರಿ. ಎಷ್ಟೋ ಮಕ್ಕಳ ತಪ್ಪು ತಿದ್ದಿದ ನಿಮ್ಮ ಉಕ್ತಲೇಖನವನ್ನು ತಿದ್ದುವ ಅವಕಾಶವನ್ನು ಅವಳು ಬಿಟ್ಟುಕೊಡಲಾರಳು. ಯಾವ ಅಕ್ಷರಗಳು ತಪ್ಪುತ್ತಿವೆಯೆಂಬ ಪಟ್ಟಿ ಅದರಿಂದಲೇ ಸಿಗುತ್ತದೆ; ಅದನ್ನೂ ತಜ್ಞರಿಗೆ ತೋರಿಸಿ.

ದುಬಾರಿ ಯಂತ್ರದ ವಿಷಯ. ಬೆಲೆ ಏರಿದಂತೆ ಸಿಗುವುದು ಹೆಚ್ಚಾಗಿ ಗದ್ದಲ ತಗ್ಗಿಸುವ ಸೌಲಭ್ಯ, ಮೊಬೈಲಿಗೆ ಬ್ಲೂಟೂತ್ ಜೋಡಣೆ, ಇನ್ನಷ್ಟು ಸೂಕ್ಷ್ಮ ಹೊಂದಾಣಿಕೆ. ಇವು ಉಪಯುಕ್ತವೇ, ಆದರೆ ಸರಿಯಾಗಿ ಹೊಂದಿಸದಿದ್ದರೆ ಎಷ್ಟು ಹಣ ಸುರಿದರೂ ಇದೇ ಕಥೆ. ಯಾರಿಗೂ ಕಾಣದಂತೆ ಕಿವಿಯೊಳಗೆ ಅಡಗುವ ಪುಟ್ಟ ಯಂತ್ರಗಳ ಆಸೆಗೆ ಬೀಳಬೇಡಿ. ತೀವ್ರ ದೋಷಕ್ಕೆ ಕಿವಿಯ ಹಿಂದೆ ಕೂರುವ ಶಕ್ತಿಶಾಲಿ ಯಂತ್ರವೇ ತಕ್ಕದ್ದು. ಹಣದ ಅನುಕೂಲವಿದ್ದರೆ ಅದನ್ನು ಎಡಗಿವಿಗೂ ಇಂಥದೇ ಒಂದನ್ನು ಕೊಳ್ಳಲು ಬಳಸಿ. ಮಾತು ಯಾವ ದಿಕ್ಕಿನಿಂದ ಬಂತೆಂದು ತಿಳಿಯಲು, ಗದ್ದಲದಲ್ಲಿ ಮಾತನ್ನು ಬೇರ್ಪಡಿಸಲು ಎರಡು ಕಿವಿಗಳು ಬೇಕು. ಯಂತ್ರವಿಲ್ಲದೆ ಬಿಟ್ಟ ಕಿವಿ ಕಾಲಕ್ರಮದಲ್ಲಿ ಪದಗಳನ್ನು ಗುರುತಿಸುವ ಸಾಮರ್ಥ್ಯವನ್ನೂ ಕಳೆದುಕೊಳ್ಳಬಹುದು. ಇಷ್ಟೆಲ್ಲ ಮಾಡಿದ ಮೇಲೂ ಪದಗಳು ತಿಳಿಯದಿದ್ದರೆ ಒಳಗಿವಿಗೆ ವಿದ್ಯುತ್ ಸಾಧನ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಬಹುದು, ಅದು ಮಕ್ಕಳಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಕಿವಿ ಇದ್ದಕ್ಕಿದ್ದಂತೆ ಇನ್ನಷ್ಟು ಮಂದವಾದರೆ ಮಾತ್ರ ಯಂತ್ರದ ಮೇಲೆ ಅನುಮಾನಪಡುತ್ತ ಕೂರದೆ ಅಂದೇ ಕಿವಿ, ಮೂಗು, ಗಂಟಲು ವೈದ್ಯರನ್ನು ಕಾಣಿರಿ.

ಪ್ರಶ್ನೆ: ನಮ್ಮದು ಆಲೆಮನೆ. ನನಗೆ ಎರಡೂ ಕಿವಿ ತೀರ ಮಂದ, ಯಂತ್ರ ಹಾಕಿಕೊಂಡಿದ್ದೇನೆ. ಬೆವರಿಗೆ ಯಂತ್ರ ಆಗಾಗ ನಿಂತುಹೋಗುತ್ತದೆ, ಸೆಲ್ ಕೂಡ ಬೇಗ ಮುಗಿಯುತ್ತದೆ. ಬಡವರಿಗೆ ಸರ್ಕಾರದಿಂದ ಯಂತ್ರ ಸಿಗುತ್ತದೆಯೇ?

— ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಕೊಪ್ಪರಿಗೆಯ ಹಬೆ ಮತ್ತು ಬೆವರು, ಎರಡೂ ಈ ಯಂತ್ರಕ್ಕೆ ಶತ್ರುಗಳು. ರಾತ್ರಿ ಯಂತ್ರವನ್ನು ಒಣಬಟ್ಟೆಯಿಂದ ಒರಸಿ, ಸೆಲ್ಲಿನ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಿ. ಅಚ್ಚಿಗೆ ಹೋಗುವ ಪಾರದರ್ಶಕ ನಳಿಕೆಯಲ್ಲಿ ನೀರಿನ ಹನಿ ನಿಂತರೂ ಸದ್ದು ಕಡಿದುಹೋಗುತ್ತದೆ. ಅದು ಹಳದಿಯಾಗಿ ಗಟ್ಟಿಯಾದರೆ ಬದಲಿಸಬೇಕು. ಶಕ್ತಿಶಾಲಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಸುವುದು ನೀಲಿ ಸ್ಟಿಕರಿನ 675 ಅಥವಾ ಕಿತ್ತಳೆ ಸ್ಟಿಕರಿನ 13ನೇ ಸಂಖ್ಯೆಯ ಸೆಲ್. ಇವು ಗಾಳಿಯಿಂದ ಕೆಲಸ ಮಾಡುವ ಸತುವಿನ ಸೆಲ್‌ಗಳು, ಸ್ಟಿಕರ್ ಕಿತ್ತೊಡನೆ ಖರ್ಚಾಗತೊಡಗುತ್ತವೆ; ಮತ್ತೆ ಅಂಟಿಸಿದರೆ ಉಳಿತಾಯವಾಗುವುದಿಲ್ಲ. ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿದರೆ ಸರಿಯಾಗಿ ಬಾಳುತ್ತವೆ. ಮುಗಿದ ಸೆಲ್ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಅಪಾಯ. ಕಬ್ಬಿನ ಗಾಣದ ಎಂಜಿನ್ ಓಡುವಾಗ ಅದರ ಪಕ್ಕದಲ್ಲಿ ಯಂತ್ರ ಧರಿಸಿ ನಿಲ್ಲಬೇಡಿ. ಆ ಹೊತ್ತಿಗೆ ಅದನ್ನು ತೆಗೆದಿಟ್ಟು ಕಿವಿಗವಸು ಹಾಕಿಕೊಳ್ಳಿ, ಉಳಿದಿರುವ ಶ್ರವಣವೂ ನಿಮಗೆ ಮುಖ್ಯ.

ಆದಾಯ ಮಿತಿಯೊಳಗಿರುವವರಿಗೆ ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ (ADIP) ಯೋಜನೆಯಡಿ ಶ್ರವಣಯಂತ್ರ ಸಿಗುತ್ತದೆ. 40 ಶೇಕಡಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಆದಾಯ ಪ್ರಮಾಣಪತ್ರ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿರುವವರನ್ನು ಶ್ರವಣ ಮಂದರೆಂದೂ 70 ಡೆಸಿಬೆಲ್ ನಷ್ಟವಿರುವವರನ್ನು ಕಿವುಡರೆಂದೂ ಗುರುತಿಸುತ್ತದೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮ ತಂದೆಯವರಿಗೆ 74 ವರ್ಷ, ಎರಡೂ ಕಿವಿಗೆ ಯಂತ್ರವಿದೆ. ಎದುರು ಕುಳಿತರೆ ಮಾತು ತಿಳಿಯುತ್ತದೆ, ಮದುವೆ ಮನೆಗಳಲ್ಲಿ ಏನೂ ತಿಳಿಯುವುದಿಲ್ಲ. ನಾವು ಕೂಗಿದರೆ ಸಿಟ್ಟಾಗುತ್ತಾರೆ. ಮುಂದಿನ ತಿಂಗಳು ನಂಜನಗೂಡಿನಲ್ಲಿ ತಂಗಿಯ ಮಗಳ ಮದುವೆಯಿದೆ, ಬರುವುದಿಲ್ಲ ಎನ್ನುತ್ತಿದ್ದಾರೆ.

— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸಿಟ್ಟು ನ್ಯಾಯವಾದದ್ದೇ. ಕೂಗಿದಾಗ ಬಲವಾಗುವುದು ಸ್ವರಗಳು ಮಾತ್ರ, ವ್ಯಂಜನಗಳು ಅವುಗಳಡಿ ಮುಚ್ಚಿಹೋಗುತ್ತವೆ. ಮೇಲಾಗಿ ಕೂಗುವವರ ಮುಖ ಜಗಳದ ಮುಖದಂತಿರುತ್ತದೆ. ಹತ್ತಿರ ಹೋಗಿ ಮಾತಾಡಿ. ದೂರ ಅರ್ಧವಾದರೆ ದನಿ 6 ಡೆಸಿಬೆಲ್‌ಗಳಷ್ಟು ಏರುತ್ತದೆ, ಗದ್ದಲ ಇದ್ದಷ್ಟೇ ಇರುತ್ತದೆ. ಮೊದಲು ‘ಅಪ್ಪಾ’ ಎಂದು ಕರೆದು, ಅವರು ನಿಮ್ಮತ್ತ ನೋಡಿದ ಮೇಲೆ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಂತು ತುಸು ನಿಧಾನವಾಗಿ ಹೇಳಿ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಆಡಿದ ಮಾತನ್ನು ತುಟಿ ನೋಡಿ ಗ್ರಹಿಸಲಾಗದು. ಒಂದು ವಾಕ್ಯ ತಿಳಿಯದಿದ್ದರೆ ಅದನ್ನೇ ನಾಲ್ಕು ಸಲ ಹೇಳದೆ ಬೇರೆ ಪದಗಳಲ್ಲಿ ಹೇಳಿ. ‘ಏನಿಲ್ಲ ಬಿಡಿ’ ಎನ್ನುವುದನ್ನು ಮನೆಯಲ್ಲಿ ಎಲ್ಲರೂ ನಿಲ್ಲಿಸಬೇಕು.

ಛತ್ರದ ಗದ್ದಲದಲ್ಲಿ ತೀವ್ರ ದೋಷವಿರುವವರಿಗೆ ಎಲ್ಲ ಮಾತೂ ತಿಳಿಯುವಂತೆ ಮಾಡುವ ಯಂತ್ರ ಯಾವುದೂ ಇಲ್ಲ. ಅಲ್ಲಿ ಸಹಜ ಕಿವಿಯವರೂ ಅರ್ಧ ಮಾತಿಗೆ ಸುಮ್ಮನೆ ತಲೆಯಾಡಿಸಿ ನಗುತ್ತಿರುತ್ತಾರೆ. ಆದರೂ ಅವರನ್ನು ಬಿಟ್ಟು ಹೋಗಬೇಡಿ. ಮುಂದಿನ ಮಾತನ್ನು ಹೆಚ್ಚಾಗಿ ಹಿಡಿಯುವ ದಿಕ್ಸೂಚಿ ಮೈಕುಗಳು ಅವರ ಯಂತ್ರದಲ್ಲಿದ್ದರೆ ಗದ್ದಲಕ್ಕೆ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳಿ. ವಾಲಗದವರಿಗೂ ಸ್ಪೀಕರಿಗೂ ಬೆನ್ನಾಗುವಂತೆ, ಮಾತಾಡುವವರು ಎದುರಿಗಿರುವಂತೆ ಗೋಡೆಯ ಬದಿಯಲ್ಲಿ ಕುರ್ಚಿ ಹಾಕಿಸಿ, ನೆಂಟರನ್ನು ಒಬ್ಬೊಬ್ಬರಾಗಿ ಅವರ ಬಳಿಗೆ ಕರೆತನ್ನಿ. ಊಟಕ್ಕೆ ಪಂಕ್ತಿಯ ತುದಿಯ ಎಲೆ ಹಿಡಿಯಿರಿ, ಒಂದು ಕಡೆಯ ಗದ್ದಲವಾದರೂ ತಪ್ಪುತ್ತದೆ. ಗಟ್ಟಿಮೇಳದ ಹೊತ್ತಿಗೆ ಯಂತ್ರದ ದನಿ ತಗ್ಗಿಸುವುದು ಹೇಗೆಂಬುದನ್ನು ಹೊರಡುವ ಮೊದಲೇ ಮನೆಯಲ್ಲಿ ಅವರ ಕೈಯಿಂದಲೇ ಮಾಡಿಸಿ ರೂಢಿ ಮಾಡಿಸಿರಿ.