ಓದುಗರ ಪ್ರಶ್ನೆ: ಲಾಗ್ ಹಾಕಿದ್ದೇನೆ, ಸಾಲೇ ಕಾಣಿಸುತ್ತಿಲ್ಲ!

ಪ್ರಶ್ನೆ: ಪೈಥಾನ್‌ನಲ್ಲಿ ಬರೆದ ವೆಬ್ ಅಪ್ಲಿಕೇಶನ್‌ನಿಂದ ಪ್ರಿಂಟ್‌ಗಳನ್ನೆಲ್ಲ ಕಿತ್ತು ಲಾಗಿಂಗ್ ಮಾಡ್ಯೂಲ್ ಹಾಕಿದೆ. ಎರರ್ ಸಾಲುಗಳು ಬರುತ್ತಿವೆ, ಇನ್ಫೋ ಒಂದೂ ಬರುತ್ತಿಲ್ಲ. ಲಾಗಿಂಗ್ ಹೊಂದಿಸುವ ಬೇಸಿಕ್‌ಕಾನ್ಫಿಗ್‌ ಫಂಕ್ಷನ್‌ನಲ್ಲಿ ಲೆವೆಲ್ ಇಳಿಸಿದರೂ ಅದೇ ಕಥೆ.

ಉತ್ತರ: ಲೆವೆಲ್ ಎಂದರೆ ಒಳಗೆ ಬರೀ ಅಂಕಿ. ಡೀಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ಕೋಡ್ ತನ್ನ ಸಾಲುಗಳನ್ನು ಒಪ್ಪಿಸುವುದು ಲಾಗರ್‌ಗೆ; ಎಲ್ಲ ಲಾಗರ್‌ಗಳ ಮೇಲಿರುವ ರೂಟ್ ಲಾಗರ್ ಮೊದಲಿನಿಂದಲೂ 30ರಲ್ಲಿರುತ್ತದೆ. ಅದಕ್ಕಿಂತ ಕೆಳಗಿನದು ಹೊರಗೆ ಬರುವುದಿಲ್ಲ.

ಬೇಸಿಕ್‌ಕಾನ್ಫಿಗ್ ಕೆಲಸ ಮಾಡದಿರುವುದಕ್ಕೆ ಕಾರಣ ಬೇರೆ. ರೂಟ್‌ಗೆ ಆಗಲೇ ಒಂದು ಹ್ಯಾಂಡ್ಲರ್ (ಸಾಲನ್ನು ಪರದೆಗೋ ಕಡತಕ್ಕೋ ಕಳಿಸುವ ಭಾಗ) ಇದ್ದರೆ ಬೇಸಿಕ್‌ಕಾನ್ಫಿಗ್ ಏನೂ ಮಾಡದೆ ಸದ್ದಿಲ್ಲದೆ ಹಿಂದಿರುಗುತ್ತದೆ. ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆ ಹ್ಯಾಂಡ್ಲರನ್ನು ಫ್ರೇಮ್‌ವರ್ಕ್ ಹಾಕಿರಬಹುದು. ಇಲ್ಲವೇ ನೀವೇ ಎಲ್ಲೋ ಮೇಲುಗಡೆ ಲಾಗರ್ ಪಡೆಯದೆ ನೇರವಾಗಿ ‘ಲಾಗಿಂಗ್.ಇನ್ಫೋ’ ಎಂದು ಕರೆದಿರಬಹುದು. ಹಾಗೆ ಕರೆದರೆ ಅದು ತಾನೇ ಬೇಸಿಕ್‌ಕಾನ್ಫಿಗ್ ನಡೆಸಿಬಿಡುತ್ತದೆ, ನಿಮ್ಮದು ಎರಡನೆಯದಾಗುತ್ತದೆ. ಪೈಥಾನ್ 3.8ರಿಂದ ಈಚೆಗೆ ‘ಫೋರ್ಸ್’ ಎಂಬ ಆಯ್ಕೆ ಇದೆ. ಅದು ಹಳೆಯ ಹ್ಯಾಂಡ್ಲರ್‌ಗಳನ್ನು ತೆಗೆದುಹಾಕುತ್ತದೆ. ಆದರೂ ನಮ್ಮ ಮತ, ಎಲ್ಲ ಹೊಂದಿಕೆಯನ್ನೂ ಒಂದೇ ಡಿಕ್ಷನರಿಯಲ್ಲಿ ಕೊಡುವ ಡಿಕ್ಟ್‌ಕಾನ್ಫಿಗ್‌ಗೆ: ಅಪ್ಲಿಕೇಶನ್ ಶುರುವಾಗುವ ಕಡತದಲ್ಲಿ, ಉಳಿದ ಮಾಡ್ಯೂಲ್‌ಗಳನ್ನು ಇಂಪೋರ್ಟ್ ಮಾಡುವ ಮೊದಲು, ಒಂದೇ ಸಲ. ಅದರಲ್ಲೂ ಒಂದು ಬಲೆ ಇದೆ. ‘ಡಿಸೇಬಲ್ ಎಗ್ಸಿಸ್ಟಿಂಗ್ ಲಾಗರ್ಸ್’ ಎಂಬುದನ್ನು ಫಾಲ್ಸ್ ಮಾಡದಿದ್ದರೆ, ಅಷ್ಟರಲ್ಲಿ ಹುಟ್ಟಿಕೊಂಡ ಲಾಗರ್‌ಗಳು, ನೀವು ಹೆಸರಿಸದಿದ್ದವು, ಬಾಯಿ ಮುಚ್ಚಿಕೊಳ್ಳುತ್ತವೆ.

ಹ್ಯಾಂಡ್ಲರ್‌ಗೂ ತನ್ನದೇ ಲೆವೆಲ್ ಇರುತ್ತದೆ, ಅದನ್ನೂ ನೋಡಿ. ಒಂದೇ ಸಾಲು ಎರಡೆರಡು ಸಲ ಬರತೊಡಗಿದರೆ ಮಾಡ್ಯೂಲಿನ ಲಾಗರ್‌ಗೂ ರೂಟ್‌ಗೂ ಹ್ಯಾಂಡ್ಲರ್ ಹಾಕಿದ್ದೀರಿ ಎಂದರ್ಥ. ಮಾಡ್ಯೂಲಿನದನ್ನು ತೆಗೆಯಿರಿ.

ಪ್ರಶ್ನೆ: ‘ಪಾವತಿ ಆಗಲಿಲ್ಲ’ ಎಂದು ಬಳಕೆದಾರರು ದೂರು ಕೊಟ್ಟಾಗ ಲಾಗ್ ತೆರೆದರೆ ನೂರಾರು ಜನರ ಸಾಲುಗಳು ಕಲಸಿಕೊಂಡಿರುತ್ತವೆ. ಒಬ್ಬರದನ್ನೇ ಹೆಕ್ಕುವುದು ಹೇಗೆ?

ಉತ್ತರ: ಮೊದಲು ಈ ಎರಡು ಸಾಲು ನೋಡಿ.

10:42:07 ಎರರ್ ಪಾವತಿ ವಿಫಲ

2025-03-14 05:12:07.318+00:00 ಎರರ್ ರಿಕ್ವೆಸ್ಟ್=48213907 ಆರ್ಡರ್=5521 ಹಂತ=ಗೇಟ್‌ವೇ ಕಾರಣ=ಟೈಮ್‌ಔಟ್ ಕಾಲ=30012 ಮಿ.ಸೆ.

ಮೊದಲನೆಯದು ಬರೆದವರಿಗೆ ಆ ಕ್ಷಣಕ್ಕೆ ಅರ್ಥವಾಗಿತ್ತು, ಅಷ್ಟೇ. ಎರಡನೆಯದರಲ್ಲಿ ‘48213907’ ಎಂದು ಹುಡುಕಿದರೆ ಆ ಒಂದು ರಿಕ್ವೆಸ್ಟಿನ ಸಾಲುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. 30012 ಎಂಬ ಅಂಕಿಯೊಂದೇ ಸಾಕು, 30 ಸೆಕೆಂಡಿನ ಟೈಮ್‌ಔಟ್ ಮಿತಿಗೆ ಹೋಗಿ ಬಡಿದಿದೆ ಎಂದು ಊಹಿಸಲು.

ಮಾಡುವ ರೀತಿ ಹೀಗೆ. ರಿಕ್ವೆಸ್ಟ್ ಒಳಬರುತ್ತಿದ್ದಂತೆ ಮಿಡಲ್‌ವೇರ್‌ನಲ್ಲಿ (ಪ್ರತಿ ರಿಕ್ವೆಸ್ಟೂ ಮೊದಲು ಹಾದುಬರುವ ಕೋಡ್) ಒಂದು ಗುರುತು ಸಂಖ್ಯೆ ಹುಟ್ಟಿಸಿ ಕಾಂಟೆಕ್ಸ್ಟ್‌ವಾರ್‌ನಲ್ಲಿ (ಆಯಾ ರಿಕ್ವೆಸ್ಟಿಗೆ ಪ್ರತ್ಯೇಕವಾಗಿ ಉಳಿಯುವ ವೇರಿಯಬಲ್) ಇಡಿ. ಒಂದು ಫಿಲ್ಟರ್ ಬರೆದು, ಪ್ರತಿ ಸಾಲಿಗೂ ಆ ಸಂಖ್ಯೆಯನ್ನು ಅಂಟಿಸಿ. ಫಿಲ್ಟರನ್ನು ರೂಟ್ ಲಾಗರ್‌ಗೆ ಹಾಕಬೇಡಿ, ಹ್ಯಾಂಡ್ಲರ್‌ಗೆ ಹಾಕಿ: ಮರಿ ಲಾಗರ್‌ಗಳಿಂದ ಮೇಲೇರಿ ಬರುವ ಸಾಲುಗಳು ರೂಟ್ ಲಾಗರಿನ ಫಿಲ್ಟರ್ ಮೂಲಕ ಹಾಯುವುದೇ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಹಿನ್ನೆಲೆ ಕೆಲಸಗಳನ್ನು ಕ್ಯೂಗೆ ಕಳಿಸುತ್ತಿದ್ದರೆ ಸಂಖ್ಯೆ ತಾನಾಗಿ ಹಿಂಬಾಲಿಸುವುದಿಲ್ಲ; ಕೆಲಸದ ಮಾಹಿತಿಯ ಜೊತೆಯಲ್ಲೇ ಕಟ್ಟಿ ಕಳಿಸಬೇಕು.

ಹೊರಗಿನಿಂದ ಹೆಡರ್‌ನಲ್ಲಿ ಬಂದ ಸಂಖ್ಯೆಯನ್ನು ಉದ್ದವನ್ನೂ ಅಕ್ಷರಗಳನ್ನೂ ಪರೀಕ್ಷಿಸದೆ ಬಳಸಬೇಡಿ. ಇನ್ನು ಬಳಕೆದಾರರು ತುಂಬಿದ ಯಾವ ಮಾಹಿತಿಯನ್ನೇ ಲಾಗ್ ಮಾಡಲಿ, ಅದರೊಳಗೆ ಕಿಡಿಗೇಡಿಗಳು ಹೊಸ ಸಾಲಿನ ಚಿಹ್ನೆ ತೂರಿಸಿ ಸುಳ್ಳು ಲಾಗ್ ಸಾಲು ಹುಟ್ಟಿಸಬಹುದು. ಪ್ರತಿ ಸಾಲನ್ನೂ ಜೇಸನ್ (ಹೆಸರು-ಮೌಲ್ಯ ಜೋಡಿಗಳ ಪಠ್ಯ ರೂಪ) ಆಗಿ ಬರೆದರೆ ಈ ತಲೆನೋವು ತಪ್ಪುತ್ತದೆ. ವೇಳೆ ಯಾವಾಗಲೂ ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ವೇಳೆ) ಇರಲಿ. ಎರರ್ ಪುಟದಲ್ಲಿ ಗುರುತು ಸಂಖ್ಯೆ ಕಾಣಿಸಿಬಿಟ್ಟರೆ ದೂರು ಕೊಡುವವರೇ ಅದನ್ನು ಹೇಳುತ್ತಾರೆ.

ಎಕ್ಸೆಪ್ಶನ್ ಹಿಡಿದ ಕಡೆ ‘ಲಾಗರ್.ಎಕ್ಸೆಪ್ಶನ್’ ಬಳಸಿ, ಟ್ರೇಸ್‌ಬ್ಯಾಕ್ ಜೊತೆಗೇ ಬರುತ್ತದೆ. ಆದರೆ ಹಿಡಿದು, ಬರೆದು, ಮತ್ತೆ ಮೇಲಕ್ಕೆ ಎಸೆಯುವ ಅಭ್ಯಾಸ ಬಿಡಿ. ಐದು ಪದರಗಳಲ್ಲಿ ಹಾಗೆ ಮಾಡಿದರೆ ಒಂದೇ ತಪ್ಪು ಐದು ತಪ್ಪಿನಂತೆ ಕಾಣುತ್ತದೆ.

ಪ್ರಶ್ನೆ: ಡಿಸ್ಕ್ ತುಂಬಿ ಸರ್ವರ್ ನಿಂತಿತು. ದೊಡ್ಡ ಲಾಗ್ ಕಡತವನ್ನು ಅಳಿಸಿದರೂ ಜಾಗ ಖಾಲಿಯಾಗಲಿಲ್ಲ. ಅಪ್ಲಿಕೇಶನ್ ನಡೆಸುವ ನಾಲ್ಕು ವರ್ಕರ್ ಪ್ರೊಸೆಸ್‌ಗಳಿವೆ, ಕಡತ ತುಂಬಿದಾಗ ಹೊಸದಕ್ಕೆ ಬದಲಿಸುವ ರೊಟೇಟಿಂಗ್ ಫೈಲ್ ಹ್ಯಾಂಡ್ಲರ್ ಕೂಡ ಇದೆ.

ಉತ್ತರ: ಲಿನಕ್ಸ್‌ನಲ್ಲಿ ಅಳಿಸಿದ್ದು ಕಡತದ ಹೆಸರು ಮಾತ್ರ. ಅದನ್ನು ತೆರೆದಿಟ್ಟುಕೊಂಡ ಪ್ರೊಸೆಸ್ ಕೈಬಿಡುವವರೆಗೆ ಜಾಗ ವಾಪಸ್ ಬರುವುದಿಲ್ಲ. ‘ಎಲ್‌ಎಸ್‌ಒಎಫ್’ ಆದೇಶದಲ್ಲಿ ಅಂಥ ಕಡತಗಳು ಕಾಣುತ್ತವೆ. ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿ. ಮುಂದಿನ ಸಲ ಅಳಿಸದೆ, ‘ಟ್ರಂಕೇಟ್’ ಆದೇಶದಿಂದ ಗಾತ್ರವನ್ನು ಸೊನ್ನೆಗಿಳಿಸಿ.

ರೊಟೇಟಿಂಗ್ ಹ್ಯಾಂಡ್ಲರ್ ಒಂದೇ ಪ್ರೊಸೆಸ್‌ಗೆಂದು ಮಾಡಿದ್ದು. ನಾಲ್ಕು ವರ್ಕರ್‌ಗಳಿದ್ದರೆ ಒಂದು ವರ್ಕರ್ ಕಡತದ ಹೆಸರು ಬದಲಿಸುತ್ತದೆ, ಉಳಿದ ಮೂರು ಹಳೆಯದಕ್ಕೇ ಬರೆಯುತ್ತಿರುತ್ತವೆ, ಆಮೇಲೆ ತಮ್ಮ ಸರದಿಯಲ್ಲಿ ಅವೂ ಬದಲಿಸುತ್ತವೆ. ಈ ಗಡಿಬಿಡಿಯಲ್ಲಿ ಸಾಲುಗಳು ಕಳೆದುಹೋಗುತ್ತವೆ. ಅಪ್ಲಿಕೇಶನ್ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯಲಿ, ಕೂಡಿಡುವುದನ್ನೂ ಅಳಿಸುವುದನ್ನೂ ಲಿನಕ್ಸ್‌ನ ಲಾಗ್ ಸೇವೆ ಜರ್ನಲ್‌ಡಿಯಂಥ ವ್ಯವಸ್ಥೆಗೆ ಬಿಡಿ. ಕಡತವೇ ಬೇಕೆಂದರೆ, ಹೊರಗಿನಿಂದ ಕಡತ ಬದಲಿಸುವ ಲಾಗ್‌ರೊಟೇಟ್ ಜೊತೆ, ಬದಲಾದದ್ದನ್ನು ಗಮನಿಸಿ ಹೊಸ ಕಡತ ತೆರೆಯುವ ವಾಚ್ಡ್ ಫೈಲ್ ಹ್ಯಾಂಡ್ಲರ್ ಹಾಕಿ. ಡಾಕರ್ ಬಳಸುವವರು ಜೇಸನ್-ಫೈಲ್ ಡ್ರೈವರ್‌ಗೆ ಮ್ಯಾಕ್ಸ್-ಸೈಜ್, ಮ್ಯಾಕ್ಸ್-ಫೈಲ್ ಎರಡನ್ನೂ ಕೊಡಿ, ಕೊಡದಿದ್ದರೆ ಅದಕ್ಕೆ ಮಿತಿಯೇ ಇಲ್ಲ.

ಎಷ್ಟು ಜಾಗ ಬೇಕು? ಸೆಕೆಂಡಿಗೆ 50 ರಿಕ್ವೆಸ್ಟ್, ಒಂದಕ್ಕೆ 3 ಸಾಲು, ಸಾಲಿಗೆ 200 ಬೈಟ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 30,000 ಬೈಟ್, ದಿನಕ್ಕೆ ಸುಮಾರು 2.6 ಜಿಬಿ. ಡೀಬಗ್ ಲೆವೆಲನ್ನು ಆನ್ ಮಾಡಿ ಮರೆತರೆ ಈ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ನೀವೇ ಗುಣಿಸಿ.

ಪ್ರಶ್ನೆ: ತೊಂದರೆ ಹುಡುಕಲು ಸುಲಭವೆಂದು ರಿಕ್ವೆಸ್ಟ್ ಬಾಡಿ ಪೂರ್ತಿ ಲಾಗ್ ಮಾಡಬಹುದೇ?

ಉತ್ತರ: ಬೇಡ. ಲಾಗಿನ್ ಫಾರ್ಮ್ ಕೂಡ ರಿಕ್ವೆಸ್ಟೇ. 2018ರ ಮೇನಲ್ಲಿ ಟ್ವಿಟರ್, ಹ್ಯಾಶ್ ಆಗುವ (ಮೂಲ ತಿಳಿಯದಂತೆ ರೂಪ ಬದಲಿಸುವ) ಮೊದಲೇ ಪಾಸ್‌ವರ್ಡ್‌ಗಳು ತನ್ನ ಒಳಗಿನ ಲಾಗ್‌ಗೆ ಬರೆದುಹೋಗಿವೆ ಎಂದು ತಿಳಿಸಿ, ಪಾಸ್‌ವರ್ಡ್ ಬದಲಿಸುವ ಬಗ್ಗೆ ಯೋಚಿಸಿ ಎಂದು ಬಳಕೆದಾರರೆಲ್ಲರಿಗೂ ಹೇಳಬೇಕಾಯಿತು. ಬೇಕಾದ ಫೀಲ್ಡ್‌ಗಳ ಹೆಸರು ಬರೆದುಕೊಂಡು ಅವನ್ನಷ್ಟೇ ಲಾಗ್ ಮಾಡಿ. ಬೇಡದ್ದರ ಪಟ್ಟಿ ಇಟ್ಟುಕೊಂಡರೆ ನಾಳೆ ಸೇರುವ ಹೊಸ ಫೀಲ್ಡ್ ಅದರಲ್ಲಿರುವುದಿಲ್ಲ. ಯುಆರ್‌ಎಲ್‌ನಲ್ಲಿ ಟೋಕನ್ (ಪಾಸ್‌ವರ್ಡಿನಂತೆ ಪ್ರವೇಶ ಕೊಡುವ ಗುಟ್ಟಿನ ಸಂಕೇತ) ಕಳಿಸುತ್ತಿದ್ದರೆ ಅದನ್ನು ಹೆಡರ್‌ಗೆ ಸಾಗಿಸಿ. ನೀವು ಏನೂ ಬರೆಯದಿದ್ದರೂ ವೆಬ್ ಸರ್ವರಿನ ಆಕ್ಸೆಸ್ ಲಾಗ್ ಪೂರ್ತಿ ಯುಆರ್‌ಎಲ್ ಬರೆದಿಡುತ್ತದೆ.