ಲ್ಯಾಪ್‌ಟಾಪಲ್ಲಿ ಓಡೋ ಪೇಜಿಂಗು ಕ್ಲೈಂಟ್ ಸರ್ವರಲ್ಲಿ ಆಫ್‌ಸೆಟ್ ಹತ್ರ ಸಿಂಟ್ಯಾಕ್ಸ್ ಎರರ್ ಯಾಕೆ ಕೊಡುತ್ತೆ?

ನಿಮ್ಮ ಕೋಡಲ್ಲಿ ತಪ್ಪಿಲ್ಲ ಅನ್ಸುತ್ತೆ, ಮೊದಲು ಆ ಚಿಂತೆ ಬಿಡಿ. ನೀವು ಬರೆದಿರೋ ಪ್ರಕಾರ ಪೇಜಿಂಗ್ (ಉದ್ದ ಪಟ್ಟೀನ ಪೇಜು ಪೇಜಾಗಿ ತೋರಿಸೋದು) ಇರೋ ಲಿಸ್ಟ್ ಪೇಜು ನಿಮ್ಮ ಲ್ಯಾಪ್‌ಟಾಪಲ್ಲಿ ಆರಾಮಾಗಿ ಓಡುತ್ತೆ, ಅದೇ ಬಿಲ್ಡನ್ನ ಕ್ಲೈಂಟ್ ಸರ್ವರಿಗೆ ಹಾಕಿದ್ರೆ 'ಇನ್‌ಕರೆಕ್ಟ್ ಸಿಂಟ್ಯಾಕ್ಸ್ ನಿಯರ್ ಆಫ್‌ಸೆಟ್', ಅದರ ಬೆನ್ನಿಗೇ 'ಇನ್‌ವ್ಯಾಲಿಡ್ ಯೂಸೇಜ್ ಆಫ್ ದಿ ಆಪ್ಶನ್ ನೆಕ್ಸ್ಟ್ ಇನ್ ದಿ ಫೆಚ್ ಸ್ಟೇಟ್‌ಮೆಂಟ್', ಉಳಿದ ಪೇಜೆಲ್ಲ ಸರಿ ಇದೆ. ಬರೆದಿರೋದು ಡಾಟ್ ನೆಟ್ಟಲ್ಲಿ, ಕೋಡನ್ನ ಡೇಟಾಬೇಸಿನ ಭಾಷೆ ಎಸ್‌ಕ್ಯೂಎಲ್‌ಗೆ ತಿರುಗಿಸೋದು ಎಂಟಿಟಿ ಫ್ರೇಮ್‌ವರ್ಕು (ಚಿಕ್ಕದಾಗಿ ಇಎಫ್), ಡೇಟಾಬೇಸು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್. ಇಷ್ಟು ಹೇಳಿದ್ರೆ ಸಾಕು, ಆ ಕಡೆ ಕೂತಿರೋ ಎಸ್‌ಕ್ಯೂಎಲ್ ಸರ್ವರ್ 2008 ಅಥವಾ 2008 ಆರ್2 ಇರಬೇಕು.

ನಂಗೆ ಇದು ಒಂದು ಅಡಿಕೆ ಮಂಡಿ ಸಾಫ್ಟ್‌ವೇರಲ್ಲಿ ಆಗಿತ್ತು. ಸೀಸನ್ ಶುರುವಾಗೋ ಹೊತ್ತು, ಹೊಸ ಬಿಲ್ ಲಿಸ್ಟ್ ಪೇಜ್ ಹಾಕಿ ಬಂದೆ, ಊರು ದಾಟೋದ್ರೊಳಗೆ ಗುಮಾಸ್ತರು ಫೋನ್ ಮಾಡಿ "ಲಿಸ್ಟ್ ಒತ್ತಿದ್ರೆ ಕೆಂಪು ಅಕ್ಷರ ಬರ್ತಿದೆ ಮಾರಾಯ್ರೆ" ಅಂದ್ರು. ಸಿಂಟ್ಯಾಕ್ಸ್ ಎರರ್ ಅಂದ ತಕ್ಷಣ ನಾವು ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ಅಲ್ವಾ, ಕೋಡನ್ನೇ ಹಿಡ್ಕೊಂಡು ಕೂತೆ, ಬ್ರಾಕೆಟ್ ಎಣಿಸಿದೆ, ಕಾಮಾ ಎಣಿಸಿದೆ, ಎಂಟಿಟಿ ಫ್ರೇಮ್‌ವರ್ಕ್ ಪ್ಯಾಕೇಜ್ ತೆಗೆದು ಮತ್ತೆ ಹಾಕಿದೆ, ಅರ್ಧ ದಿನ ಹೋಯ್ತು. ಸರ್ವರ್ ವರ್ಷನ್ ನೋಡೋಣ ಅಂತ ತಲೆಗೇ ಬರ್ಲಿಲ್ಲ, ಯಾಕಂದ್ರೆ ಅಲ್ಲಿನ ಕಂಪ್ಯೂಟರಲ್ಲಿ ಮ್ಯಾನೇಜ್‌ಮೆಂಟ್ ಸ್ಟುಡಿಯೋ (ಡೇಟಾಬೇಸ್ ನೋಡ್ಕೊಳ್ಳೋ ಟೂಲು) ತೆಗೆದ್ರೆ 2014 ಅಂತ ದೊಡ್ಡದಾಗಿ ತೋರಿಸ್ತಿತ್ತು. ಅದು ಟೂಲಿನ ವರ್ಷನ್ನು ಅಷ್ಟೆ. ಹೊಸ ಸ್ಟುಡಿಯೋದಿಂದ ಹಳೇ ಸರ್ವರಿಗೆ ಕನೆಕ್ಟ್ ಆಗಬಹುದು, ಅದು ಆಗುತ್ತೆ ಅನ್ನೋದೇ ಎಡವಟ್ಟಿಗೆ ಮೂಲ.

ಹಾಗಾಗಿ ಮೊದಲ ಕೆಲಸ: ಕ್ಲೈಂಟ್ ಸರ್ವರಿಗೆ ಕನೆಕ್ಟ್ ಆಗಿ, ಹೊಸ ಕ್ವೆರಿ ವಿಂಡೋ ತೆಗೆದು, ಸೆಲೆಕ್ಟ್ ಅಂತ ಬರೆದು ಎರಡು ಅಟ್ ಚಿಹ್ನೆ ಹಾಕಿ ವರ್ಷನ್ ಅಂತ ಬರೆದು ರನ್ ಮಾಡಿ. ಬರೋ ಸಾಲಲ್ಲಿ ನಂಬರ್ ನೋಡಿ. 10.0 ಅಂದ್ರೆ 2008, 10.50 ಅಂದ್ರೆ 2008 ಆರ್2, 11 ಅಂದ್ರೆ 2012, 12 ಅಂದ್ರೆ 2014, 13 ಅಂದ್ರೆ 2016, ಹೀಗೆ ಮೇಲಕ್ಕೆ. ಸ್ಟುಡಿಯೋದ ಎಡಗಡೆ ಮರದಲ್ಲಿ ಸರ್ವರ್ ಹೆಸರಿನ ಪಕ್ಕ ಬ್ರಾಕೆಟಲ್ಲೂ ಇದೇ ನಂಬರ್ ಇರುತ್ತೆ, ಯಾರೂ ನೋಡಲ್ಲ. ನಂಗೆ ಅವತ್ತು 10.50 ಬಂತು. ಕನೆಕ್ಷನ್ ಸ್ಟ್ರಿಂಗಲ್ಲಿ (ಅಪ್ಲಿಕೇಶನ್ ಯಾವ ಸರ್ವರಿಗೆ ಹೋಗ್ಬೇಕು ಅಂತ ಹೇಳೋ ಸಾಲು) ಇರೋ ಸರ್ವರ್ ಹೆಸರಿಗೇ ಕನೆಕ್ಟ್ ಆಗಿ ಕೇಳಿ, ಯಾಕಂದ್ರೆ ಒಂದೇ ಮಷಿನಲ್ಲಿ ಎರಡೆರಡು ಇನ್‌ಸ್ಟೆನ್ಸ್ (ಬೇರೆ ಬೇರೆಯಾಗಿ ಹಾಕಿರೋ ಎಸ್‌ಕ್ಯೂಎಲ್ ಸರ್ವರ್) ಇರ್ತಾವೆ, ನೀವು ಹೊಸದನ್ನ ನೋಡಿ ಸಮಾಧಾನ ಪಟ್ಕೊಂಡ್ರೆ ಅಪ್ಲಿಕೇಶನ್ ಹಳೇದರ ಜೊತೆ ಮಾತಾಡ್ತಾ ಇರುತ್ತೆ.

ಈಗ ಯಾಕೆ ಅಂತ. ನೀವು ಕೋಡಲ್ಲಿ ಸ್ಕಿಪ್ 50, ಟೇಕ್ 25 ಅಂತ ಬರೀತೀರ, ಎಂಟಿಟಿ ಫ್ರೇಮ್‌ವರ್ಕ್ ಅದನ್ನ 'ಆರ್ಡರ್ ಬೈ, ಆಫ್‌ಸೆಟ್ 50 ರೋಸ್, ಫೆಚ್ ನೆಕ್ಸ್ಟ್ 25 ರೋಸ್ ಓನ್ಲಿ' ಅಂತ ಎಸ್‌ಕ್ಯೂಎಲ್ ಮಾಡಿ ಕಳಿಸುತ್ತೆ. ಈ ಆಫ್‌ಸೆಟ್-ಫೆಚ್ ಎಸ್‌ಕ್ಯೂಎಲ್ ಸರ್ವರಿಗೆ ಬಂದಿದ್ದೇ 2012ರಲ್ಲಿ. 2008ಕ್ಕೆ ಆ ಜಾಗದಲ್ಲಿ ಆಫ್‌ಸೆಟ್ ಅನ್ನೋ ಪದಾನೇ ಗೊತ್ತಿಲ್ಲ, ಅಲ್ಲೇ ಮುಗ್ಗರಿಸುತ್ತೆ. ಎರಡನೇ ಎರರ್ ಇನ್ನೂ ಮಜಾ: ಫೆಚ್ ನೆಕ್ಸ್ಟ್ ಅನ್ನೋದು ಹಳೇ ಸರ್ವರಿಗೂ ಗೊತ್ತು, ಆದ್ರೆ ಅದಕ್ಕೆ ಗೊತ್ತಿರೋದು ಕರ್ಸರಿನ (ಒಂದೊಂದೇ ಸಾಲು ಓದೋ ವ್ಯವಸ್ಥೆ) ಫೆಚ್ಚು, ಅದಕ್ಕೇ ಇದೇನಪ್ಪ ಕರ್ಸರಿಲ್ಲದೆ ನೆಕ್ಸ್ಟ್ ಕೇಳ್ತಾನೆ ಅಂತ ಗೊಣಗುತ್ತೆ. ಎರರ್ ನಂಬರ್ 102 ಮತ್ತು 153 ಜೋಡಿಯಾಗಿ ಬಂದಿದ್ರೆ ಇದೇ ಕಥೆ.

ಒಂದು ಹುಷಾರು. ಸರ್ವರ್ 2012 ಅಥವಾ ಅದಕ್ಕಿಂತ ಹೊಸದಾಗಿದ್ದೂ ಇದೇ ಥರದ ಎರರ್ ಬಂದ್ರೆ, ಮತ್ತೆ ಕ್ವೆರಿ ನೀವೇ ಕೈಯಲ್ಲಿ ಬರೆದಿದ್ರೆ, ಆರ್ಡರ್ ಬೈ ಬಿಟ್ಟಿದೀರಾ ನೋಡಿ. ಆಫ್‌ಸೆಟ್ ಅನ್ನೋದು ಆರ್ಡರ್ ಬೈಗೆ ಅಂಟಿಕೊಂಡಿರೋ ಬಾಲ, ಅದಿಲ್ಲದೆ ಇದು ಬರಲ್ಲ.

ಸರಿ, ರಿಪೇರಿ. ನೀವು ಯಾವ ಎಂಟಿಟಿ ಫ್ರೇಮ್‌ವರ್ಕ್ ಅಂತ ಹೇಳಿಲ್ಲ, ಅದರ ಮೇಲೆ ಹೋಗುತ್ತೆ.

ಇಎಫ್ 6 ಮತ್ತು ಇಡಿಎಂಎಕ್ಸ್ ಫೈಲ್ (ಡೇಟಾಬೇಸಿನ ಮಾಡೆಲ್ ಇಟ್ಕೊಂಡಿರೋ ಫೈಲು) ಇದ್ರೆ ನೀವು ಪುಣ್ಯವಂತರು, ಒಂದು ಪದ ಬದಲಾಯಿಸೋ ಕೆಲಸ. ಇಡಿಎಂಎಕ್ಸನ್ನ ಡಿಸೈನರಲ್ಲಿ ಅಲ್ಲ, ರೈಟ್ ಕ್ಲಿಕ್ ಮಾಡಿ 'ಓಪನ್ ವಿತ್' ಕೊಟ್ಟು ಎಕ್ಸ್ಎಂಎಲ್ ಎಡಿಟರಲ್ಲಿ ತೆಗೀರಿ. ಮೇಲ್ಗಡೆನೇ ಸ್ಟೋರೇಜ್ ಮಾಡೆಲ್ ಭಾಗ ಇರುತ್ತೆ, ಅದರ ಸ್ಕೀಮಾ ಟ್ಯಾಗಲ್ಲಿ 'ಪ್ರೊವೈಡರ್ ಮ್ಯಾನಿಫೆಸ್ಟ್ ಟೋಕನ್' ಅಂತ ಇದೆ, ಅದರ ಬೆಲೆ 2012 ಅಂತ ಇರುತ್ತೆ, ಅದನ್ನ 2008 ಮಾಡಿ, ಸೇವ್, ರೀಬಿಲ್ಡ್. ಮುಗೀತು. ಈಗ ಅದು ಆಫ್‌ಸೆಟ್ ಬಿಟ್ಟು ರೋ ನಂಬರ್ (ಸಾಲಿಗೊಂದು ಕ್ರಮಸಂಖ್ಯೆ ಕೊಡೋ ಫಂಕ್ಷನ್) ಹಾಕಿ ಹಳೇ ಶೈಲಿಯಲ್ಲಿ ಎಸ್‌ಕ್ಯೂಎಲ್ ಬರೆಯುತ್ತೆ, ಅದು ಹೊಸ ಸರ್ವರಲ್ಲೂ ಓಡುತ್ತೆ, ಹಾಗಾಗಿ ನಿಮ್ಮ ಲ್ಯಾಪ್‌ಟಾಪಿಗೂ ತೊಂದರೆ ಇಲ್ಲ. ಆ 2012 ಅಲ್ಲಿಗೆ ಹೆಂಗೆ ಬಂತು ಅಂದ್ರೆ ನೀವೇ ತಂದಿದ್ದು: ಲ್ಯಾಪ್‌ಟಾಪಲ್ಲಿರೋ ಹೊಸ ಸರ್ವರಿಗೆ ಕನೆಕ್ಟ್ ಆಗಿ 'ಅಪ್‌ಡೇಟ್ ಮಾಡೆಲ್ ಫ್ರಮ್ ಡೇಟಾಬೇಸ್' ಒತ್ತಿದಾಗ ಅದು ಸರ್ವರ್ ನೋಡಿ ಟೋಕನ್ ಬರೆದುಬಿಡುತ್ತೆ. ಇನ್ನೊಂದು, ಇಎಫ್ 6.1.2ಕ್ಕೆ ಮುಂಚೆ ಟೋಕನ್ 2012 ಇದ್ರೂ ಅದು ಆಫ್‌ಸೆಟ್ ಬಳಸ್ತಿರ್ಲಿಲ್ಲ, ಆಮೇಲೆ ಬಳಸೋಕೆ ಶುರು ಮಾಡ್ತು. "ಹೋದ ತಿಂಗಳು ಸರಿ ಇತ್ತು, ಪ್ಯಾಕೇಜ್ ಅಪ್‌ಡೇಟ್ ಮಾಡಿದ ಮೇಲೆ ಕೆಟ್ಟೋಯ್ತು" ಅಂತ ಹಳೇ ಪ್ರಾಜೆಕ್ಟಿನವರು ಹೇಳೋದು ಇದಕ್ಕೇ.

ಇಎಫ್ ಕೋರ್ ಇದ್ರೆ ಸ್ವಲ್ಪ ಕಷ್ಟ. 2.x ಇದ್ರೆ ಯೂಸ್ ಎಸ್‌ಕ್ಯೂಎಲ್ ಸರ್ವರ್ ಕೊಡೋ ಜಾಗದಲ್ಲೇ ಒಳಗೆ 'ಯೂಸ್ ರೋ ನಂಬರ್ ಫಾರ್ ಪೇಜಿಂಗ್' ಅಂತ ಒಂದು ಆಪ್ಶನ್ ಕೊಟ್ರೆ ಸಾಕು. ಆದ್ರೆ 2019ರಲ್ಲಿ ಬಂದ ಇಎಫ್ ಕೋರ್ 3.0ರಲ್ಲಿ ಅದನ್ನ ತೆಗೆದುಹಾಕಿದ್ರು, ಯಾಕಂದ್ರೆ ಎಸ್‌ಕ್ಯೂಎಲ್ ಸರ್ವರ್ 2008ಕ್ಕೆ ಮೈಕ್ರೋಸಾಫ್ಟ್ ಸಪೋರ್ಟು ಅದೇ ವರ್ಷ ಜುಲೈ 9ಕ್ಕೆ ಮುಗಿದಿತ್ತು. ಹಳೇ ಉತ್ತರಗಳಲ್ಲಿ ಎಲ್ಲರೂ ಆ ಆಪ್ಶನ್ ಹಾಕಿ ಅಂತಾರೆ, ನೀವು ಹೊಸ ವರ್ಷನಲ್ಲಿ ಟೈಪ್ ಮಾಡ್ತಾ ಕೂತ್ರೆ ಬರಲ್ಲ. ಇಎಫ್ ಕೋರ್ 8ರಲ್ಲಿ ಕಂಪ್ಯಾಟಿಬಿಲಿಟಿ ಲೆವೆಲ್ (ಯಾವ ವರ್ಷನ್ನಿಗೆ ಹೊಂದೋ ಎಸ್‌ಕ್ಯೂಎಲ್ ಬರೀಬೇಕು ಅಂತ ಹೇಳೋ ಸಂಖ್ಯೆ) ಕೊಡೋ ಆಪ್ಶನ್ ಇದೆ, ಅದು ಬೇರೆ ಕಾಯಿಲೆಗೆ: ಕೋಡಲ್ಲಿ ಕಂಟೇನ್ಸ್ (ಈ ಪಟ್ಟೀಲಿ ಇದೆಯಾ ಅನ್ನೋ ಪ್ರಶ್ನೆ) ಬರೆದ್ರೆ ಅದು ಓಪನ್ ಜೇಸನ್ ಅನ್ನೋ ಫಂಕ್ಷನ್ ಹಾಕಿ ಕಳಿಸುತ್ತೆ, ಅದು 2016ಕ್ಕಿಂತ ಹಳೇ ಸರ್ವರಿಗೆ ಅರ್ಥ ಆಗಲ್ಲ, ಆಗ 120 ಅಂತ ಕೊಡಬೇಕು. ಪೇಜಿಂಗಿಗೆ ಅಲ್ಲಿ 2008ರ ಲೆವೆಲ್ 100 ಕೊಟ್ರೂ ಏನೂ ಪ್ರಯೋಜನ ಇಲ್ಲ.

ಅಂದ್ರೆ ಹೊಸ ಇಎಫ್ ಕೋರಲ್ಲಿ ಸಿಕ್ಕಾಕೊಂಡಿದ್ರೆ, ಸರ್ವರ್ ಬದಲಾಯಿಸೋ ತನಕ ಆ ಒಂದೆರಡು ಲಿಸ್ಟಿಗೆ ಕ್ವೆರಿ ಕೈಯಲ್ಲೇ ಬರೀರಿ, ಸ್ಟೋರ್ಡ್ ಪ್ರೊಸೀಜರ್ (ಸರ್ವರಲ್ಲೇ ಹೆಸರಿಟ್ಟು ಇಟ್ಟಿರೋ ಕ್ವೆರಿ) ಮಾಡಿ ಕರೀರಿ. ರೋ ನಂಬರ್ 2005ರಿಂದಲೇ ಇದೆ. ಒಳಗಿನ ಸೆಲೆಕ್ಟಲ್ಲಿ 'ರೋ ನಂಬರ್ ಓವರ್, ಆರ್ಡರ್ ಬೈ' ಅಂತ ಹಾಕಿ ಪ್ರತಿ ಸಾಲಿಗೂ ಕ್ರಮಸಂಖ್ಯೆ ಕೊಡಿ, ಅದನ್ನ ಬ್ರಾಕೆಟಲ್ಲಿ ಸುತ್ತಿ ಹೊರಗಿನ ಸೆಲೆಕ್ಟಲ್ಲಿ ಆ ಸಂಖ್ಯೆ ಇಷ್ಟರಿಂದ ಇಷ್ಟು ಅಂತ ವೇರ್ ಹಾಕಿ. ಒಳಗೇ ನೇರ ವೇರಲ್ಲಿ ಹಾಕೋಕೆ ಬಿಡಲ್ಲ, ಅದಕ್ಕೇ ಎರಡು ಪದರ. ಲೆಕ್ಕ ತಪ್ಪೋದು ಇಲ್ಲೇ: ಪೇಜಿಗೆ 25 ಅಂದ್ರೆ ಮೂರನೇ ಪೇಜು 51ರಿಂದ 75, 50ರಿಂದ ಅಲ್ಲ. ಸ್ಕಿಪ್ 50ಕ್ಕೆ ಒಂದು ಕೂಡಿಸಿ ಶುರು ಮಾಡ್ಬೇಕು. ನಾನು ಅವತ್ತು ಕೂಡಿಸೋದು ಮರೆತು ಪ್ರತಿ ಪೇಜಿನ ಕೊನೇ ಬಿಲ್ಲು ಮುಂದಿನ ಪೇಜಿನ ಮೊದಲ ಬಿಲ್ಲೂ ಆಗಿ ಎರಡು ಸಲ ಬರ್ತಿತ್ತು, ಗುಮಾಸ್ತರು ಟೋಟಲ್ ಹಾಕಿ ಹಿಡಿದ್ರು. ಹೊರಗಿನ ಸೆಲೆಕ್ಟಿಗೂ ಕ್ರಮಸಂಖ್ಯೆ ಮೇಲೆ ಆರ್ಡರ್ ಬೈ ಹಾಕಿ, ಒಳಗೆ ಹಾಕಿದೀನಲ್ಲ ಅಂತ ಬಿಡಬೇಡಿ, ಒಳಗಿನ ಆರ್ಡರ್ ನಂಬರ್ ಕೊಡೋಕೆ ಮಾತ್ರ.

ಅದಕ್ಕಿಂತ ಸೂಕ್ಷ್ಮದ್ದು ಒಂದಿದೆ, ಇದನ್ನ ಯಾವ ವರ್ಷನ್ ಇದ್ರೂ ಓದ್ಕೊಳ್ಳಿ. ಮಂಡೀಲಿ ಒಂದೇ ತಾರೀಖಿಗೆ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ಬಗೆ ಅಡಿಕೆಗೆ ನೂರಾರು ಬಿಲ್ಲು ಬೀಳ್ತವೆ. ನಾನು ಬರೀ ತಾರೀಖಿನ ಮೇಲೆ ಆರ್ಡರ್ ಬೈ ಹಾಕಿದ್ದೆ. ಒಂದೇ ತಾರೀಖಿನ ಬಿಲ್ಲುಗಳನ್ನ ಯಾವ ಕ್ರಮದಲ್ಲಿ ಕೊಡ್ಬೇಕು ಅಂತ ನಾನು ಹೇಳಿಲ್ವಲ್ಲ, ಸರ್ವರ್ ಒಂದೊಂದು ಸಲ ಒಂದೊಂದು ಥರ ಕೊಡಬಹುದು. ಎರಡನೇ ಪೇಜಲ್ಲಿ ನೋಡಿದ ಬಿಲ್ಲು ಮೂರನೇ ಪೇಜಲ್ಲಿ ಮತ್ತೆ ಬರುತ್ತೆ, ಇನ್ಯಾವುದೋ ರೈತರ ಬಿಲ್ಲು ಯಾವ ಪೇಜಲ್ಲೂ ಇರಲ್ಲ. ಎರರ್ ಬಂದಿದ್ರೆ ಗೊತ್ತಾದ್ರೂ ಆಗುತ್ತೆ, ಇದು ಸದ್ದೇ ಮಾಡಲ್ಲ. ತಾರೀಖಿನ ಪಕ್ಕ ಬಿಲ್ ನಂಬರನ್ನೂ ಆರ್ಡರ್ ಬೈಗೆ ಸೇರಿಸಿದ್ರೆ ಸರಿಹೋಗುತ್ತೆ, ಯಾವುದಾದ್ರೂ ಒಂದು ಯೂನಿಕ್ (ಒಂದೇ ಬೆಲೆ ಎರಡು ಸಾಲಲ್ಲಿ ಬರದ) ಕಾಲಂ ಕೊನೇಲಿ ಇರಲೇಬೇಕು.

ಮುಂದೆ, ಹಿಂದೆ ಅನ್ನೋ ಎರಡೇ ಬಟನ್ ಸಾಕು, ಹದಿನೇಳನೇ ಪೇಜಿಗೆ ಹಾರೋ ಅಗತ್ಯ ಇಲ್ಲ ಅಂದ್ರೆ ಇದ್ಯಾವುದೂ ಬೇಡ. ಸ್ಕ್ರೀನ್ ಮೇಲಿರೋ ಕೊನೇ ಬಿಲ್ ನಂಬರ್ ಹಿಡ್ಕೊಂಡು, ಅದಕ್ಕಿಂತ ಚಿಕ್ಕ ನಂಬರಿನವು ಟಾಪ್ 25 ಕೊಡು ಅಂತ ಕೇಳಿ, ದೊಡ್ಡದರಿಂದ ಚಿಕ್ಕದಕ್ಕೆ ಆರ್ಡರ್ ಹಾಕಿ. ಯಾವ ಕಾಲದ ಸರ್ವರಲ್ಲೂ ಓಡುತ್ತೆ, ಬಿಲ್ ನಂಬರಿಗೆ ಇಂಡೆಕ್ಸ್ ಇದ್ರೆ ಲಕ್ಷ ಸಾಲಿದ್ರೂ ತಡ ಆಗಲ್ಲ. ಇಎಫ್‌ನಲ್ಲಿ ಸ್ಕಿಪ್ ತೆಗೆದು ವೇರ್ ಮತ್ತು ಟೇಕ್ ಮಾತ್ರ ಇಟ್ರೆ ಅದು ಟಾಪ್ ಅಂತಲೇ ಕಳಿಸುತ್ತೆ, ಆಫ್‌ಸೆಟ್ ಹುಟ್ಟೋದೇ ಇಲ್ಲ. ನಂಗೆ ಈಗ್ಲೂ ಇದೇ ಇಷ್ಟ.

ಇವೆಲ್ಲ ತೇಪೆ. ಕ್ಲೈಂಟ್ ಒಪ್ಪಿದ್ರೆ ಸರ್ವರನ್ನೇ ಬದಲಾಯಿಸಿ, ಲೈಸೆನ್ಸ್ ದುಡ್ಡು ಅಂತ ಹೆದರ್ತಾರೆ, ಚಿಕ್ಕ ವ್ಯಾಪಾರಕ್ಕೆ ಎಕ್ಸ್‌ಪ್ರೆಸ್ ಎಡಿಷನ್ ಪುಕ್ಕಟೆ ಇದೆ, 2008 ಎಕ್ಸ್‌ಪ್ರೆಸಲ್ಲಿ ಒಂದು ಡೇಟಾಬೇಸಿಗೆ 4 ಜಿಬಿ ಮಿತಿ ಇತ್ತು, 2008 ಆರ್2ರಿಂದ 10 ಜಿಬಿ ಆಯ್ತು, ಮಂಡಿ ಲೆಕ್ಕಕ್ಕೆ ಧಾರಾಳ. ಆದ್ರೆ ಮಷಿನ್ ನೋಡ್ಕೊಂಡು ಆರಿಸಿ. ಅಲ್ಲಿ ಇದ್ದಿದ್ದು 32 ಬಿಟ್ ವಿಂಡೋಸ್ 7, ಎಸ್‌ಕ್ಯೂಎಲ್ ಸರ್ವರ್ 2016ರಿಂದ 64 ಬಿಟ್ ಮಾತ್ರ, ವಿಂಡೋಸ್ 7ರ ಮೇಲೆ ಕೂರೋದೂ ಇಲ್ಲ, 2014ಕ್ಕೇ ಕೊನೆ. 2019 ಬೇಕು ಅಂದ್ರೆ ವಿಂಡೋಸ್ 10 ಅಥವಾ ವಿಂಡೋಸ್ ಸರ್ವರ್ 2016 ಆದ್ರೂ ಬೇಕು. 2014ರ ಸಪೋರ್ಟೂ 2024ರ ಜುಲೈಗೆ ಮುಗೀತು, ಅದಕ್ಕೆ ನಾನು ಅರ್ಧ ದಾರಿ ಹೋಗೋದು ಬೇಡ ಅಂತ ಹೊಸ ಮಷಿನೇ ಹಾಕಿಸಿದೆ, ಸಾಹುಕಾರ್ರು ಒಂದು ವಾರ ಮುಖ ಊದಿಸ್ಕೊಂಡಿದ್ರು.

ಬದಲಾಯಿಸುವಾಗ ಇರೋದರ ಮೇಲೇ ಅಪ್‌ಗ್ರೇಡ್ ಒತ್ತಬೇಡಿ. ಹೊಸ ಇನ್‌ಸ್ಟೆನ್ಸ್ ಬೇರೆ ಹಾಕಿ, ಹಳೇದರ ಬ್ಯಾಕಪ್ ತೆಗೆದು ಹೊಸದರಲ್ಲಿ ರಿಸ್ಟೋರ್ ಮಾಡಿ, 2008ರ ಬ್ಯಾಕಪ್ಪು 2019ರಲ್ಲಿ ನೇರವಾಗಿ ಕೂರುತ್ತೆ. ವಾಪಸ್ ಬರೋ ದಾರಿ ಮಾತ್ರ ಇಲ್ಲ, ಹೊಸದರ ಬ್ಯಾಕಪ್ಪನ್ನ ಹಳೇ ಸರ್ವರ್ ಮುಟ್ಟಲ್ಲ, ಹಾಗಾಗಿ ನಾಲ್ಕು ದಿನ ಓಡಿಸಿ ನೋಡೋ ತನಕ ಹಳೇ ಇನ್‌ಸ್ಟೆನ್ಸನ್ನ ನಿಲ್ಲಿಸಿ ಇಡಿ, ಅಳಿಸಬೇಡಿ. ರಿಸ್ಟೋರ್ ಆದ್ಮೇಲೆ 'ಲಾಗಿನ್ ಫೇಲ್ಡ್' ಬಂದ್ರೆ ಗಾಬರಿ ಬೇಡ, ಡೇಟಾಬೇಸ್ ಜೊತೆ ಯೂಸರ್ ಬಂದಿರ್ತಾನೆ, ಸರ್ವರಿಗೆ ಸೇರಿದ ಲಾಗಿನ್ ಬಂದಿರಲ್ಲ, ಅದೇ ಹೆಸರಲ್ಲಿ ಲಾಗಿನ್ ಮಾಡಿ 'ಆಲ್ಟರ್ ಯೂಸರ್, ವಿತ್ ಲಾಗಿನ್' ಅಂತ ಎರಡನ್ನೂ ಜೋಡಿಸಿ.

ಇವತ್ತೇ ಪೇಜು ಓಡಬೇಕು, ಇಎಫ್ 6 ಇದೆ ಅಂದ್ರೆ ಟೋಕನ್ ಬದಲಾಯಿಸಿ ಕಳಿಸಿ, ಸರ್ವರ್ ಮಾತು ಆಮೇಲೆ ಆಡಿ. ಬರೀ ಒಂದು ನೆನಪಿಟ್ಕೊಳ್ಳಿ, ಮುಂದಿನ ಸಲ ಮಾಡೆಲ್ ಅಪ್‌ಡೇಟ್ ಕೊಟ್ಟಾಗ ಆ 2008 ಮತ್ತೆ 2012 ಆಗಿ ಕೂತಿರುತ್ತೆ, ನಂಗೆ ಹಂಗೆ ಎರಡು ಸಲ ಆಯ್ತು, ಎರಡನೇ ಸಲ ಗುಮಾಸ್ತರು ಫೋನಲ್ಲಿ "ಅದೇ ಕೆಂಪು ಅಕ್ಷರ" ಅಂತ ಮಾತ್ರ ಹೇಳಿ ಇಟ್ಟುಬಿಟ್ರು.