ಪೀಸ್ ಕೆಟ್ಟರೂ ಹುಡುಗರು ಹೇಳುವುದಿಲ್ಲ

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಏರಿಯಾದ ವಾಲ್ವ್ ಕಾರ್ಖಾನೆಯೊಂದರಲ್ಲಿ ನಾನು ಮಷಿನ್ ಶಾಪ್ ಸೂಪರ್‌ವೈಸರ್. ಪೀಸ್ ಕೆಟ್ಟರೆ ಹುಡುಗರು ಹೇಳದೆ ಒಳ್ಳೆ ಮಾಲಿನಲ್ಲಿ ಸೇರಿಸಿಬಿಡುತ್ತಾರೆ. ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕಾಗ ‘ಯಾಕ ಹಿಂಗ ಮಾಡಿದಿ?’ ಎಂದು ಜೋರು ಮಾಡಿದರೆ ಬಾಯಿಯೇ ಬಿಡುವುದಿಲ್ಲ. ಬೈಯದೆ ಕೆಲಸ ತೆಗೆಯುವುದು ಹೇಗೆ ಮೇಡಂ?
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ನನಗೆ ತುಂಬಾ ಹಿಡಿಸಿತು. ಹೀಗೆ ಕೇಳುವವರು ಕಡಿಮೆ.

ಆ ಹುಡುಗ ಸುಮ್ಮನಿರುವುದು ಮೊಂಡುತನವೇ ಆಗಿರಬೇಕಿಲ್ಲ. ಎಲ್ಲರ ಮುಂದೆ ಜೋರು ದನಿ ಕೇಳಿದಾಗ ಮಿದುಳಿನ ಅಮಿಗ್ಡಲಾ ಎಂಬ ಪುಟ್ಟ ಭಾಗ ಅಪಾಯ ಬಂತೆಂದು ಎಚ್ಚರಿಸುತ್ತದೆ. ಮಿದುಳಿನಲ್ಲಿ ನೋರ್‌ಅಡ್ರಿನಲಿನ್, ಡೋಪಮಿನ್ ಎಂಬ ರಾಸಾಯನಿಕಗಳು ಏರುತ್ತವೆ. ಇವು ಅತಿಯಾದರೆ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಮಂಕಾಗುತ್ತದೆ. ನಡೆದದ್ದನ್ನು ಹಿಂದುಮುಂದು ಜೋಡಿಸಿ ಯೋಚಿಸಲು ಬೇಕಾಗುವುದು ಇದೇ ಭಾಗ. ನಿಮ್ಮ ‘ಯಾಕ’ ಎಂಬುದಕ್ಕೆ ಉತ್ತರ ಹೊಳೆಯಬೇಕಾದದ್ದೂ ಇಲ್ಲೇ ಅಲ್ವಾ? ಕೂಗಿ ಕೇಳಿದರೆ ಉತ್ತರದ ದಾರಿಯನ್ನು ನಾವೇ ಮುಚ್ಚಿದಂತೆ. ಬೈಸಿಕೊಂಡ ನೆನಪು ಉಳಿಯುತ್ತದೆ. ಮುಂದಿನ ಸಲ ನಿಮ್ಮನ್ನು ಕಂಡರೇ ಎದೆ ಹೊಡೆದುಕೊಳ್ಳುತ್ತದೆ, ಪೀಸ್ ಮಾಲಿನೊಳಗೆ ಹೋಗುತ್ತದೆ.

ಯಾರಾದರೂ ತಾವಾಗಿಯೇ ಕೆಟ್ಟ ಪೀಸ್ ತಂದ ದಿನ ನಿಮ್ಮ ಮೊದಲ ಮಾತು ಬಹಳ ಮುಖ್ಯ. ಉಳಿದವರೆಲ್ಲ ಮಷಿನ್ ಮೇಲೆ ಕೈಯಿಟ್ಟು ಕಿವಿ ಇತ್ತ ಕೊಟ್ಟಿರುತ್ತಾರೆ. ಪೀಸ್ ಕೈಗೆ ತೆಗೆದುಕೊಂಡು, ‘ಹೇಳಿದ್ದು ಚಲೋ ಆತು. ಟೂಲ್ ಸವದೈತೇನಪಾ? ಆಫ್‌ಸೆಟ್ ಯಾವಾಗ ಕೊಟ್ಟಿದ್ದಿ?’ ಎಂದು ಕೇಳಿ. (ಆಫ್‌ಸೆಟ್ ಎಂದರೆ ಟೂಲ್ ಸವೆದಷ್ಟು ಮಷಿನ್‌ನಲ್ಲಿ ಕೊಡುವ ಅಳತೆಯ ತಿದ್ದುಪಡಿ.) ಇಂಥ ಪ್ರಶ್ನೆಗೆ ಅವನು ಉತ್ತರ ಕೊಡಬಲ್ಲ. ಗೇಜ್ ಹಾಕಿ ಅಳತೆ ನೋಡದೆ ಪದೇ ಪದೇ ಪೀಸ್ ಬಿಡುವವನಿಗೆ ಕಟ್ಟುನಿಟ್ಟಾಗಿಯೇ ಹೇಳಿ, ಆದರೆ ಒಬ್ಬನನ್ನೇ ಕರೆದು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡಗಳ ಲೆಕ್ಕದಲ್ಲೇ ತಪ್ಪು ಜಾಸ್ತಿ ಕಂಡವು! ಅಲ್ಲಿನವರು ಹೆದರದೆ ಹೇಳುತ್ತಿದ್ದರು, ಅಷ್ಟೇ. 1999ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನ ನಿಮ್ಮಂಥದ್ದೇ ಜಾಗದ್ದು, ಒಂದು ತಯಾರಿಕಾ ಕಂಪನಿಯ 51 ತಂಡಗಳದ್ದು. ಮಾತಾಡಲು ಭಯವಿಲ್ಲದ ತಂಡಗಳೇ ಅಲ್ಲಿ ಹೆಚ್ಚು ಕಲಿಯುತ್ತಿದ್ದವು.

ಹಾಗಾಗಿ ನಿಮ್ಮ ರಿಜೆಕ್ಷನ್ ರಿಜಿಸ್ಟರ್‌ನಲ್ಲೂ ಮೊದಮೊದಲು ಅಂಕಿ ಏರಬಹುದು. ಇಷ್ಟು ದಿನ ಅಡಗಿದ್ದದ್ದು ಹೊರಗೆ ಬರುತ್ತಿದೆ ಎಂದುಕೊಳ್ಳಿ. ಮಾಲೀಕರಿಗೆ ಇದನ್ನು ಈಗಲೇ ತಿಳಿಸಿಡಿ. ಇಲ್ಲದಿದ್ದರೆ ತಿಂಗಳ ಮೀಟಿಂಗ್‌ನಲ್ಲಿ ಅವರು ಅಂಕಿ ನೋಡಿ ನಿಮ್ಮ ಮೇಲೆ ಕೂಗಾಡುತ್ತಾರೆ, ಆ ಸಿಟ್ಟು ಮತ್ತೆ ಹುಡುಗರ ಮೇಲೆಯೇ ಇಳಿಯುತ್ತದೆ.